ವಿಲಿಯಂ ಟಿ. ಬೋವಿ

ವಿಲಿಯಂ ಟಿ. ಬೋವಿ (೧೮೮೨–೧೯೫೮) ಅಮೆರಿಕದ ಜೀವಭೌತವಿಜ್ಞಾನಿ ಹಾಗೂ ಉಪಕರಣ ನಿರ್ಮಾಪಕ. ಅಧಿಕ ಆವರ್ತನದ ವಿದ್ಯುತ್ ಪ್ರವಾಹದ ಶಾಖದಿಂದ ಅಂಗಾಂಶವನ್ನು ಕತ್ತರಿಸಿ, ರಕ್ತಸ್ರಾವವನ್ನೂ ತಡೆಯಬಲ್ಲ ಯಂತ್ರವನ್ನು ಇವರು ೧೯೨೦ರ ದಶಕದಲ್ಲಿ ರೂಪಿಸಿದರು. ನರಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ ಈ ಯಂತ್ರವನ್ನು ಬಳಸಿದ ಬಳಿಕ ವಿದ್ಯುತ್ ಶಸ್ತ್ರಚಿಕಿತ್ಸೆಯು ವ್ಯಾಪಕವಾಗಿ ಪ್ರಚಾರಕ್ಕೆ ಬಂದಿತು. ಅಮೆರಿಕದ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಈ ಉಪಕರಣವನ್ನು ಇಂದಿಗೂ ‘ಬೋವಿ’ ಎಂದೇ ಕರೆಯುತ್ತಾರೆ. ಭಾರತದ ಆಸ್ಪತ್ರೆಗಳಲ್ಲಿ ಇದು ಕಾಟರಿ ಅಥವಾ ಡಯಾಥರ್ಮಿ ಎಂದು ಪರಿಚಿತವಾಗಿದೆ.

ಆರಂಭಿಕ ಜೀವನ

ಬೋವಿ ಅವರು ಮಿಷಿಗನ್ ರಾಜ್ಯದ ಅಗಸ್ಟಾ ಎಂಬಲ್ಲಿ ಜನಿಸಿದರು. ಮಿಸ್ಸೌರಿ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಅನಂತರ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಸಸ್ಯ ಶರೀರಕ್ರಿಯಾವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ನೇರಳಾತೀತ ಕಿರಣಗಳು ಪ್ರೋಟೀನುಗಳ ಮೇಲೆ ಬೀರುವ ಪರಿಣಾಮವು ಅವರ ಆರಂಭಿಕ ಸಂಶೋಧನೆಯ ವಿಷಯಗಳಲ್ಲಿ ಒಂದಾಗಿತ್ತು. ಮುಂದೆ ಅವರು ಹಾರ್ವರ್ಡಿನ ಕ್ಯಾನ್ಸರ್ ಆಯೋಗದಲ್ಲಿ ಕೆಲಸ ಮಾಡಿದರು. ಗೆಡ್ಡೆಗಳನ್ನು ವಿದ್ಯುತ್ತಿನಿಂದ ನಾಶಪಡಿಸುವ ಪ್ರಯತ್ನವು ಅಲ್ಲಿಯೇ ಯಂತ್ರದ ರೂಪ ತಾಳಿತು.

ಹಿನ್ನೆಲೆ

ಮನೆಬಳಕೆಯ ಪರ್ಯಾಯ ವಿದ್ಯುತ್ ಪ್ರವಾಹವು ದೇಹವನ್ನು ಹೊಕ್ಕರೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಹೃದಯದ ಬಡಿತವೂ ನಿಲ್ಲಬಹುದು. ಆವರ್ತನವು ಬಹಳ ಹೆಚ್ಚಾದಾಗ ನರ ಮತ್ತು ಸ್ನಾಯುಗಳು ಈ ರೀತಿ ಪ್ರತಿಕ್ರಿಯಿಸುವುದಿಲ್ಲ ಎಂಬುದನ್ನು ಫ್ರಾನ್ಸಿನ ಆರ್ಸೆನ್ ದಾರ್ಸನ್ವಾಲ್ ೧೮೯೦ರ ದಶಕದ ಆರಂಭದಲ್ಲಿ ತೋರಿಸಿದರು. ಅಂತಹ ಪ್ರವಾಹವು ಅಂಗಾಂಶವನ್ನು ಬಿಸಿ ಮಾಡುತ್ತದೆ. ಈ ಗುಣವನ್ನು ಬಳಸಿಕೊಂಡು ನ್ಯೂಯಾರ್ಕಿನ ಎಡ್ವಿನ್ ಬಿಯರ್ ೧೯೧೦ರಲ್ಲಿ ಮೂತ್ರಕೋಶದ ಗೆಡ್ಡೆಗಳಿಗೆ ಚಿಕಿತ್ಸೆ ನೀಡಿದ ವರದಿಯನ್ನು ಪ್ರಕಟಿಸಿದರು. ಆದ್ದರಿಂದ ವಿದ್ಯುತ್ ಶಸ್ತ್ರಚಿಕಿತ್ಸೆಯ ತತ್ತ್ವವು ಬೋವಿ ಅವರಿಗಿಂತ ಹಿಂದಿನದು. ಕತ್ತರಿಸುವ ಮತ್ತು ಹೆಪ್ಪುಗಟ್ಟಿಸುವ ಎರಡೂ ಕಾರ್ಯಗಳನ್ನು ದೊಡ್ಡ ಶಸ್ತ್ರಚಿಕಿತ್ಸೆಗೆ ಒದಗುವಂತೆ ಒಂದೇ ಯಂತ್ರದಲ್ಲಿ ಅಳವಡಿಸಿದ್ದು ಅವರ ಕೊಡುಗೆ.

ಯಂತ್ರದ ಕಾರ್ಯವಿಧಾನ

ಶಸ್ತ್ರಚಿಕಿತ್ಸಕನ ಕೈಯಲ್ಲಿರುವ ಸಾಧನದ ತುದಿ ಚಿಕ್ಕದು. ಪ್ರವಾಹವು ಅಲ್ಲಿ ಸಾಂದ್ರವಾಗಿರುವುದರಿಂದ ತೀವ್ರವಾದ ಶಾಖ ಉಂಟಾಗುತ್ತದೆ. ಅದೇ ಪ್ರವಾಹವು ರೋಗಿಯ ಮೈಗೆ ತಾಗಿರುವ ಅಗಲವಾದ ಫಲಕದ ಮೂಲಕ ಯಂತ್ರಕ್ಕೆ ಹಿಂದಿರುಗುತ್ತದೆ. ಫಲಕದ ವಿಸ್ತೀರ್ಣ ಹೆಚ್ಚಿರುವುದರಿಂದ ಅಲ್ಲಿ ಚರ್ಮ ಸುಡುವುದಿಲ್ಲ. ಫಲಕವು ಸರಿಯಾಗಿ ತಾಗದಿದ್ದರೆ ಮಾತ್ರ ಸುಟ್ಟಗಾಯದ ಅಪಾಯವಿದೆ.

ಪ್ರವಾಹವು ಎಡೆಬಿಡದೆ ಹರಿದಾಗ ಜೀವಕೋಶಗಳೊಳಗಿನ ನೀರು ಥಟ್ಟನೆ ಕುದಿದು ಆವಿಯಾಗುತ್ತದೆ. ಕೋಶಗಳು ಒಡೆದು ಅಂಗಾಂಶವು ಸೀಳುತ್ತದೆ. ಪ್ರವಾಹವು ಬಿಟ್ಟುಬಿಟ್ಟು ಹರಿದಾಗ ಕೋಶಗಳು ನಿಧಾನವಾಗಿ ಒಣಗುತ್ತವೆ, ಪ್ರೋಟೀನುಗಳು ಬೆಂದ ಮೊಟ್ಟೆಯ ಬಿಳಿಭಾಗದಂತೆ ಗಟ್ಟಿಯಾಗುತ್ತವೆ ಮತ್ತು ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ.

ಕುಶಿಂಗ್ ಅವರೊಡನೆ ಸಹಯೋಗ

ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವವೇ ದೊಡ್ಡ ತೊಡಕಾಗಿತ್ತು. ಮೃದುವಾದ ಅಂಗಾಂಶದ ನಡುವೆ ರಕ್ತನಾಳಗಳಿಗೆ ದಾರ ಕಟ್ಟುವುದು ಕಷ್ಟ. ಕುಶಿಂಗ್ ಅವರು ೧೯೧೧ರಲ್ಲಿಯೇ ಇದಕ್ಕಾಗಿ ಬೆಳ್ಳಿಯ ಕ್ಲಿಪ್ಪುಗಳನ್ನು ಬಳಕೆಗೆ ತಂದಿದ್ದರು. ಆದರೂ ಹೇರಳವಾಗಿ ರಕ್ತನಾಳಗಳಿದ್ದ ಗೆಡ್ಡೆಗಳನ್ನು ಅವರು ಅರ್ಧದಲ್ಲಿಯೇ ಕೈಬಿಡಬೇಕಾಗುತ್ತಿತ್ತು.

೧೯೨೬ರ ಅಕ್ಟೋಬರ್ ೧ರಂದು ಬೋಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಕುಶಿಂಗ್ ಅವರು ಬೋವಿ ಯಂತ್ರವನ್ನು ಮೊದಲ ಬಾರಿಗೆ ಬಳಸಿದರು. ರೋಗಿಯ ತಲೆಯಲ್ಲಿ ರಕ್ತನಾಳಗಳಿಂದ ತುಂಬಿದ ಗೆಡ್ಡೆಯಿತ್ತು. ಕೆಲವೇ ದಿನಗಳ ಹಿಂದೆ ಅದನ್ನು ತೆಗೆಯುವ ಯತ್ನವು ರಕ್ತಸ್ರಾವದಿಂದಾಗಿ ನಿಂತುಹೋಗಿತ್ತು. ಈ ಬಾರಿ ಗೆಡ್ಡೆಯನ್ನು ತೆಗೆಯಲು ಸಾಧ್ಯವಾಯಿತು. ಬಳಿಕ ಕುಶಿಂಗ್ ಅವರು ಹಿಂದೆ ಅಸಾಧ್ಯವೆಂದು ಬಿಟ್ಟಿದ್ದ ರೋಗಿಗಳನ್ನು ಮತ್ತೆ ಕರೆಸಿಕೊಂಡು ಶಸ್ತ್ರಚಿಕಿತ್ಸೆ ಮಾಡತೊಡಗಿದರು. ೧೯೨೮ರಲ್ಲಿ ಕುಶಿಂಗ್ ಅವರು ತಮ್ಮ ಅನುಭವವನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ, ಉಪಕರಣದ ಕುರಿತ ಟಿಪ್ಪಣಿಯನ್ನು ಬೋವಿ ಬರೆದರು.

ಆರಂಭದ ಯಂತ್ರಗಳು ಅಪಾಯದಿಂದ ಮುಕ್ತವಾಗಿರಲಿಲ್ಲ. ಒಮ್ಮೆ ಪ್ರವಾಹವು ಲೋಹದ ಸಲಕರಣೆಯ ಮೂಲಕ ಕುಶಿಂಗ್ ಅವರಿಗೇ ಆಘಾತ ಕೊಟ್ಟಿತು. ಅರಿವಳಿಕೆಗೆ ಬಳಸುತ್ತಿದ್ದ ಈಥರ್ ಸುಲಭವಾಗಿ ಹೊತ್ತಿಕೊಳ್ಳುವ ವಸ್ತುವಾದುದರಿಂದ ಕಿಡಿಗಳಿಂದ ಬೆಂಕಿಯ ಭೀತಿಯೂ ಇತ್ತು.

ಕೊನೆಯ ವರ್ಷಗಳು

ಯಂತ್ರದ ಪೇಟೆಂಟ್ ಹಕ್ಕನ್ನು ಬೋವಿ ಅವರು ಸಿನ್ಸಿನಾಟಿಯ ಲೀಬೆಲ್-ಫ್ಲಾರ್ಶೈಮ್ ಸಂಸ್ಥೆಗೆ ೧ ಡಾಲರಿಗೆ ಮಾರಿದರು. ಸಂಸ್ಥೆಯು ಯಂತ್ರವನ್ನು ತಯಾರಿಸಿ ಆಸ್ಪತ್ರೆಗಳಿಗೆ ತಲುಪಿಸಿತು. ಯಂತ್ರವು ಜನಪ್ರಿಯವಾದರೂ ಅದರ ನಿರ್ಮಾತೃವಿಗೆ ಸಂಪತ್ತು ದೊರೆಯಲಿಲ್ಲ. ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆಯೂ ಸಿಗಲಿಲ್ಲ. ಅಲ್ಲಿಂದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದ ಅವರು, ಅನಂತರ ಮೇನ್ ರಾಜ್ಯದಲ್ಲಿ ನೆಲೆಸಿದರು. ೧೯೫೮ರಲ್ಲಿ ಅಲ್ಲಿಯೇ ನಿಧನರಾದರು.

ಪ್ರಭಾವ

ಕಿಡಿಯಿಂದ ವಿದ್ಯುತ್ತನ್ನು ಉತ್ಪಾದಿಸುತ್ತಿದ್ದ ಹಳೆಯ ಯಂತ್ರಗಳ ಸ್ಥಾನವನ್ನು ೧೯೭೦ರ ದಶಕದಿಂದೀಚೆಗೆ ಟ್ರಾನ್ಸಿಸ್ಟರ್ ಆಧಾರಿತ ಯಂತ್ರಗಳು ಪಡೆದವು. ಇವುಗಳಲ್ಲಿಯೂ ಕತ್ತರಿಸಲು ಒಂದು ಬಗೆಯ ಪ್ರವಾಹ, ರಕ್ತಸ್ರಾವ ತಡೆಯಲು ಇನ್ನೊಂದು ಬಗೆಯ ಪ್ರವಾಹ ಎಂಬ ವಿಭಾಗವು ಮುಂದುವರಿದಿದೆ. ಉದರದರ್ಶಕ ಶಸ್ತ್ರಚಿಕಿತ್ಸೆಯೂ ಸೇರಿದಂತೆ ಬಹುತೇಕ ಎಲ್ಲ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ಈ ತಂತ್ರವು ಬಳಕೆಯಲ್ಲಿದೆ.