ಬಿಸಿನೀರು, ತಣ್ಣೀರು, ಬೆಳಕು: ರಫಾಯೆಲ್ ದ್ಯುಬುವಾ

ಮಿಣುಕುಹುಳ ಹೇಗೆ ಮಿನುಗುತ್ತೆ ಅಂತ ಕೇಳಿದ್ರೆ ನಮ್ಮಲ್ಲಿ ಹಲವರು ಲೂಸಿಫೆರಿನ್, ಲೂಸಿಫೆರೇಸ್ ಅಂತ ಥಟ್ ಅಂತ ಹೇಳಿಬಿಡ್ತೀವಿ. ಆದರೆ ಈ ಹೆಸರುಗಳನ್ನು ಇಟ್ಟವರು ಯಾರು? ರಫಾಯೆಲ್ ದ್ಯುಬುವಾ.

ಅವರು ಹುಟ್ಟಿದ್ದು 1849ರಲ್ಲಿ, ಫ್ರಾನ್ಸಿನ ಲೆ ಮಾನ್‌ನಲ್ಲಿ. ಹೌದು, ಈಗ 24 ಗಂಟೆಯ ಕಾರ್ ರೇಸ್ ನಡೆಯುವ ಅದೇ ಊರು. ಓದಿದ್ದು ವೈದ್ಯಕೀಯ. ಪ್ಯಾರಿಸ್‌ನಲ್ಲಿ ಪಾಲ್ ಬೇರ್ ಎಂಬ ವಿಜ್ಞಾನಿಯ ಜೊತೆ ಅರಿವಳಿಕೆಯ ಬಗ್ಗೆ ಕೆಲಸ ಮಾಡಿದರು. ಕ್ಲೋರೋಫಾರ್ಮನ್ನು ಗಾಳಿಯಲ್ಲಿ ಅಳತೆ ಪ್ರಕಾರ ಬೆರೆಸಿ ರೋಗಿಗೆ ಕೊಡುವ ಯಂತ್ರವನ್ನೂ ತಯಾರಿಸಿದರು. ಅಂದ್ರೆ ಸ್ವಲ್ಪ ಮಟ್ಟಿಗೆ ಅವರು ನಮ್ಮವರೇ!

ಆಮೇಲೆ ಅವರು ಹಿಂದೆ ಬಿದ್ದಿದ್ದು ವೆಸ್ಟ್ ಇಂಡೀಸ್ ಕಡೆಯ ಪೈರೋಫೋರಸ್ ಎಂಬ ಹುಳದ. ಮಿಣುಕುಹುಳದ ಥರ ಇದು ಆರಿ ಹತ್ತಲ್ಲ, ಒಂದೇ ಸಮ ಹೊಳೆಯುತ್ತೆ. ಇದರ ಮೊಟ್ಟೆ ಹೊಳೆಯುತ್ತೆ, ಲಾರ್ವಾ ಕೂಡ ಹೊಳೆಯುತ್ತೆ. ಸಂಗಾತಿಯನ್ನು ಕರೆಯೋಕೆ ಬೆಳಕು ಅಂತೀವಲ್ಲ, ಮೊಟ್ಟೆಗೂ ಲಾರ್ವಾಗೂ ಸಂಗಾತಿ ಯಾಕೆ? ಹಾಗಾಗಿ ಬೆಳಕು ಯಾಕೆ ಅನ್ನೋದಕ್ಕಿಂತ ಹೇಗೆ ಅನ್ನೋದೇ ಮುಖ್ಯ ಪ್ರಶ್ನೆ. ಅದು ಜೀವದ ಶಕ್ತಿಯೋ, ಬರೀ ರಸಾಯನವೋ?

1885ರಲ್ಲಿ ದ್ಯುಬುವಾ ಮಾಡಿದ ಪ್ರಯೋಗಕ್ಕೆ ಬೇಕಾಗಿದ್ದು ಬಿಸಿನೀರು ಮತ್ತು ತಣ್ಣೀರು. ಹೊಳೆಯುವ ಅಂಗವನ್ನು ತಣ್ಣೀರಿನಲ್ಲಿ ಅರೆದರು. ರಸ ಸ್ವಲ್ಪ ಹೊತ್ತು ಬೆಳಗಿ ಆರಿತು. ಇನ್ನೊಂದನ್ನು ಬಿಸಿನೀರಿಗೆ ಹಾಕಿದರು. ಅದರಲ್ಲಿ ಬೆಳಕೇ ಇಲ್ಲ. ಎರಡನ್ನೂ ಸೇರಿಸಿದಾಗ ಕತ್ತಲಲ್ಲಿ ಮತ್ತೆ ಬೆಳಕು! ಹುಳ ಸತ್ತಿದೆ, ಬೆಳಕು ಬದುಕಿದೆ. ಶಾಖಕ್ಕೆ ಕೆಡುವುದು ಒಂದು, ಕೆಡದೆ ಉಳಿಯುವುದು ಇನ್ನೊಂದು, ಎರಡೂ ಸೇರಿದರೆ ಬೆಳಕು ಎಂದು ಅವರು ತೀರ್ಮಾನಿಸಿದರು. 1887ರಲ್ಲಿ ಕಲ್ಲು ಕೊರೆಯುವ ಫೋಲಸ್ ಎಂಬ ಕಡಲ ಚಿಪ್ಪುಜೀವಿಯಲ್ಲೂ ಇದನ್ನೇ ಕಂಡು, ಕೆಡುವ ಕಿಣ್ವಕ್ಕೆ ಲೂಸಿಫೆರೇಸ್, ಉಳಿಯುವುದಕ್ಕೆ ಲೂಸಿಫೆರಿನ್ ಅಂತ ಹೆಸರಿಟ್ಟರು.

ಮುಂದೆ ಲಿಯಾನ್‌ನಲ್ಲಿ ಪ್ರೊಫೆಸರ್ ಆದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ, ಹೊಳೆಯುವ ಬ್ಯಾಕ್ಟೀರಿಯಾ ತುಂಬಿದ ಗಾಜಿನ ಪಾತ್ರೆಗಳಿಂದಲೇ ಒಂದು ಕೋಣೆಯನ್ನು ಬೆಳಗಿಸಿ ತೋರಿಸಿದರು.

1929ರಲ್ಲಿ ತೀರಿಕೊಂಡರು. ಎಟಿಪಿ ಎಂಬ ಅಣು ಪತ್ತೆಯಾಗಿದ್ದೂ ಅದೇ ವರ್ಷ. 1947ರಲ್ಲಿ ಅಮೆರಿಕದ ವಿಲಿಯಂ ಮ್ಯಾಕೆಲ್ರಾಯ್, ಆರಿಹೋದ ಮಿಣುಕುಹುಳದ ರಸಕ್ಕೆ ಎಟಿಪಿ ಹಾಕಿದಾಗ ಅದು ಮತ್ತೆ ಬೆಳಗಿತು. ಅಂದ್ರೆ ತಣ್ಣೀರಿನ ರಸದಲ್ಲಿ ಖಾಲಿಯಾಗ್ತಿದ್ದದ್ದು ಎಟಿಪಿ. ಬಿಸಿನೀರಿನ ರಸ ಅದನ್ನೂ ಹೊತ್ತು ತರ್ತಿತ್ತು. ದ್ಯುಬುವಾ ಎರಡು ಅಂತ ಎಣಿಸಿದ ಕಡೆ ಮೂರನೆಯದೂ ಅಡಗಿತ್ತು.

ಜೀವ ಇರುವ ಕಡೆಯೆಲ್ಲಾ ಎಟಿಪಿ ಇರುತ್ತೆ. ಅದಕ್ಕೇ ಆಸ್ಪತ್ರೆಯ ಮೇಜು ಚೊಕ್ಕಟವಾಗಿದೆಯಾ ಅಂತ ನೋಡೋಕೆ ಇವತ್ತು ಲೂಸಿಫೆರೇಸ್ ಬಳಸ್ತಾರೆ: ಕೊಳೆ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು.