ಅನಿತಾ ಲೂಸ್ ಮತ್ತು ಕಾಣೆಯಾದ ಚಿತ್ರ

ಮರಿಲಿನ್ ಮನ್ರೋ ನಟಿಸಿದ 1953ರ 'ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್' ಚಿತ್ರದ ಹೆಸರನ್ನು ಅನೇಕರು ಬಲ್ಲರು. ಅದೇ ಕಥೆ 1928ರಲ್ಲಿಯೇ ಮೂಕಿಚಿತ್ರವಾಗಿತ್ತೆಂದು ಓದಿದಾಗ ಅದನ್ನು ನೋಡುವ ಆಸೆ ನನಗಾಯಿತು. ಆದರೆ ಅದರ ಒಂದು ಪ್ರತಿಯೂ ಉಳಿದಿಲ್ಲವಂತೆ! ಆಗ ಕಥೆ ಬರೆದವಳ ಬಾಳನ್ನಾದರೂ ತಿಳಿಯೋಣವೆಂದು ಹೊರಟೆ.

ಅನಿತಾ ಲೂಸ್ 1888ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದಳು. ಎಳವೆಯಲ್ಲಿಯೇ ರಂಗವೇರಿದಳು. ಆಕೆ ಬರೆದು ಕಳುಹಿಸಿದ 'ದಿ ನ್ಯೂಯಾರ್ಕ್ ಹ್ಯಾಟ್' 1912ರಲ್ಲಿ ಗ್ರಿಫಿತ್‌ನ ನಿರ್ದೇಶನದಲ್ಲಿ ಚಿತ್ರವಾಯಿತು. ಸಂಭಾವನೆ 25 ಡಾಲರು. ಮೂಕಿಚಿತ್ರದಲ್ಲಿ ದೃಶ್ಯಗಳ ನಡುವೆ ತೆರೆಯ ಮೇಲೆ ಮೂಡುವ ಬರಹವೇ ಪಾತ್ರಗಳ ಮಾತು. ಬರಿಯ ಮಾಹಿತಿಯಂತಿದ್ದ ಆ ಬರಹವನ್ನು ಲೂಸ್ ನಗೆಯ ಅಸ್ತ್ರವಾಗಿಸಿದಳು. ಡಗ್ಲಾಸ್ ಫೇರ್‌ಬ್ಯಾಂಕ್ಸನ ಆರಂಭದ ಚಿತ್ರಗಳ ಗೆಲುವಿನಲ್ಲಿ ಆಕೆಯ ಲೇಖನಿಯ ಪಾಲು ಸಣ್ಣದಲ್ಲ.

1919ರಲ್ಲಿ ನಿರ್ದೇಶಕ ಜಾನ್ ಎಮರ್ಸನ್ನನನ್ನು ಮದುವೆಯಾದಳು. ಬರೆಯುವವಳು ಹೆಂಡತಿ, ಪಕ್ಕದಲ್ಲಿ ಗಂಡನ ಹೆಸರು. ಇದು ನನಗೆ ಅನ್ಯಾಯವೆಂದೇ ತೋರುತ್ತದೆ. ಆದರೂ ತನ್ನ ಪ್ರಸಿದ್ಧ ಕಾದಂಬರಿಯನ್ನು ಆಕೆ ಅರ್ಪಿಸಿದ್ದು ಆತನಿಗೇ.

ಆ ಕಾದಂಬರಿ ಹುಟ್ಟಿದ್ದು ರೈಲಿನಲ್ಲಿ. ಹೊಂಗೂದಲಿನ ಹುಡುಗಿಯೊಬ್ಬಳ ಕೈಯಿಂದ ಪುಸ್ತಕ ಜಾರಿದರೆ ಗಂಡಸರೆಲ್ಲ ಎತ್ತಿಕೊಡಲು ಓಡುತ್ತಿದ್ದರು. ಐದಡಿಯೂ ಇಲ್ಲದ, ಕಪ್ಪುಕೂದಲಿನ ಲೂಸ್ ಭಾರದ ಪೆಟ್ಟಿಗೆ ಎಳೆದಾಡುವಾಗ ಯಾರೂ ತಿರುಗಿ ನೋಡಲಿಲ್ಲ. ಆಕೆ ಮೆಚ್ಚಿದ್ದ ವಿಮರ್ಶಕ ಮೆಂಕೆನ್ನನೂ ಅಂಥ ಹೊಂಗೂದಲಿಗೇ ಮರುಳಾಗಿದ್ದ. ಸಿಟ್ಟು ಅಲ್ಲಿಯೇ ಕಾಗದಕ್ಕಿಳಿಯಿತು: ಲೊರೆಲೈ ಎಂಬವಳ ದಿನಚರಿ, ತುಂಬ ಕಾಗುಣಿತದ ತಪ್ಪು. ಪೆದ್ದಿಯಂತೆ ಕಂಡರೂ ವಜ್ರದ ವಿಷಯದಲ್ಲಿ ಆಕೆ ಎಂದೂ ತಪ್ಪುವುದಿಲ್ಲ! 1925ರಲ್ಲಿ ಅದು ಮೊದಲು ಪತ್ರಿಕೆಯಲ್ಲಿ ಧಾರಾವಾಹಿಯಾಗಿ, ಅನಂತರ ಪುಸ್ತಕವಾಗಿ ಬಂದಿತು.

ಚಿತ್ರವನ್ನು ನಿರ್ದೇಶಿಸಿದವನು ಮಾಲ್ಕಮ್ ಸೇಂಟ್ ಕ್ಲೇರ್. ಲೊರೆಲೈಯಾಗಿ ನಟಿಸಿದವಳು ರೂತ್ ಟೇಲರ್. ಆದರೆ 1927ರ ಅಕ್ಟೋಬರಿನಲ್ಲಿಯೇ 'ದಿ ಜಾಝ್ ಸಿಂಗರ್' ತೆರೆಯ ಮೇಲೆ ಮಾತನಾಡಿತ್ತು. ಕೆಲವೇ ವರ್ಷಗಳಲ್ಲಿ ಮೂಕಿಗಳನ್ನು ಕೇಳುವವರಿಲ್ಲದಾಯಿತು. ಬೆಂಕಿಗೆ ಬೇಗ ತುತ್ತಾಗುವ, ಇಟ್ಟಲ್ಲೇ ಕೊಳೆಯುವ ಆ ನೈಟ್ರೇಟ್ ಸುರುಳಿಗಳನ್ನು ಕಾಪಾಡುವ ಆಸ್ಥೆ ಯಾರಿಗಿತ್ತು?

ಲೂಸ್ ಮಾತ್ರ ವಾಕ್ಚಿತ್ರಗಳಿಗೂ ಬರೆದಳು. 1939ರ 'ದಿ ವಿಮೆನ್' ಅವುಗಳಲ್ಲೊಂದು. 1956ರಲ್ಲಿ ಎಮರ್ಸನ್ ತೀರಿಕೊಂಡ. ಆಕೆ 1981ರಲ್ಲಿ ನ್ಯೂಯಾರ್ಕಿನಲ್ಲಿ ಕಣ್ಣುಮುಚ್ಚಿದಳು.

ಕಾದಂಬರಿ ಇಂದಿಗೂ ಓದಲು ಸಿಗುತ್ತದೆ. ಆ ಮೂಕಿಯ ತೆರೆಬರಹಗಳಲ್ಲಿಯೂ ಲೂಸಳ ಕೈಯಿತ್ತು. ಲೊರೆಲೈಯ ತಪ್ಪು ಕಾಗುಣಿತ ಅಷ್ಟು ದೊಡ್ಡ ಅಕ್ಷರಗಳಲ್ಲಿ ಮೂಡಿದಾಗ ಸಭಿಕರು ಹೇಗೆ ನಕ್ಕರೋ, ಅದನ್ನು ನೋಡುವ ಭಾಗ್ಯ ನನಗಿಲ್ಲ.