ಮೊಳಹಳ್ಳಿ ಶಿವರಾಯರು: ಬಡ ಸಾಲಗಾರನ ಕಷ್ಟ ಅರಿತ ಹಿರಿಯರು

ಪುತ್ತೂರು: ದಕ್ಷಿಣ ಕನ್ನಡದ ಸಹಕಾರಿ ಪಿತಾಮಹರೆಂದು ಹೆಸರಾದ ಮೊಳಹಳ್ಳಿ ಶಿವರಾಯರು ಜನಿಸಿದ್ದು 1880ರಲ್ಲಿ. ವೃತ್ತಿಯಲ್ಲಿ ವಕೀಲರು. ಮಳೆಗಾಲದ ಖರ್ಚಿಗೆ ಸಾಲ ಮಾಡಿದ ಸಣ್ಣ ಕೃಷಿಕರು ಬಡ್ಡಿ ಬೆಳೆದು ಫಸಲನ್ನೂ ಭೂಮಿಯನ್ನೂ ಕಳೆದುಕೊಳ್ಳುತ್ತಿದ್ದ ಕಾಲವದು. ಒಂದು ದಿನದ ದಾನದಿಂದ ತೀರುವ ಕಷ್ಟ ಇದಲ್ಲವೆಂದು ಅರಿತು ಅವರು ಸಹಕಾರದ ದಾರಿ ಹಿಡಿದರು.

1909ರಲ್ಲಿ ಪುತ್ತೂರಿನಲ್ಲಿ ಸಹಕಾರಿ ಸಂಘ ಆರಂಭವಾಯಿತು. ಹತ್ತಾರು ಜನರ ಸಣ್ಣ ಪಾಲು ಬಂಡವಾಳ ಒಟ್ಟುಗೂಡಿ, ಅಗತ್ಯವಿದ್ದವರಿಗೆ ಕಡಿಮೆ ಬಡ್ಡಿಯ ಸಾಲವಾಗುವ ವ್ಯವಸ್ಥೆ ಇದು. 1914ರಲ್ಲಿ ಅವರ ಮುಂದಾಳತ್ವದಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಪುತ್ತೂರಿನಲ್ಲೇ ಹುಟ್ಟಿತು. ಮುಂದೆ ಅದು ಮಂಗಳೂರಿಗೆ ಸ್ಥಳಾಂತರಗೊಂಡು ಇಂದಿಗೂ ಸೇವೆ ನೀಡುತ್ತಿದೆ.

ಶಿಕ್ಷಣಕ್ಕೂ ಅವರು ದುಡಿದರು. ಡಾ. ಶಿವರಾಮ ಕಾರಂತರ ಪುತ್ತೂರಿನ ಕೆಲಸಗಳಿಗೆ ಬೆಂಬಲವಾಗಿ ನಿಂತರು. 1967ರಲ್ಲಿ ಅವರು ನಿಧನರಾದರು.

ಶಿವರಾಯರು ಜೈನರಲ್ಲ. ಆದರೂ ನಮ್ಮ ಶ್ರಾವಕ ಧರ್ಮ ಹೇಳುವ ಅನುಕಂಪ, ಮಿತ ಪರಿಗ್ರಹಗಳನ್ನು ಅವರು ಲೆಕ್ಕದ ಪುಸ್ತಕದಲ್ಲೇ ನಡೆಸಿ ತೋರಿಸಿದರು. ಅಂಗಡಿಯಲ್ಲಿ ಕುಳಿತು ಬಾಕಿ ಪಟ್ಟಿ ನೋಡುವಾಗ ನನ್ನಂತಹ ವ್ಯಾಪಾರಿಗಳು ಅವರನ್ನು ಒಮ್ಮೆ ನೆನೆಯಬೇಕು. ಆ ಪಟ್ಟಿಯ ಪ್ರತಿ ಹೆಸರಿನ ಹಿಂದೆ ಒಂದು ಸಂಸಾರವಿದೆ. ಹಿರಿಯ ಚೇತನಕ್ಕೆ ನಮನಗಳು.